ಹೊಸ್ತಿಲಿನ ಇಂಗ್ಲಿಷು

ಇಂಗ್ಲಿಷು ಬರುತ್ತದೆಯೆ ಎಂದು ಕೇಳಿದರೆ ನಮ್ಮ ಸೀಮೆಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಉತ್ತರಗಳು ದೊರೆಯುತ್ತವೆ. ಬರುತ್ತದೆ ಎನ್ನುವವರು ಕೆಲವರು. ಬರುವುದಿಲ್ಲ ಎನ್ನುವವರು ಹಲವರು. ಉಳಿದವರೆಲ್ಲ ತಲೆ ತುರಿಸಿಕೊಂಡು ‘ಅಷ್ಟಕ್ಕಷ್ಟೆ’ ಎನ್ನುತ್ತಾರೆ. ಈ ಮೂರನೆಯ ಗುಂಪಿನವರ ಬಗೆಗೆ ನನಗೆ ಮೊದಲಿನಿಂದಲೂ ಒಂದು ವಿಶೇಷ ಪ್ರೀತಿ. ಅವರು ವಿನಯಕ್ಕಾಗಿ ಹಾಗೆ ಹೇಳುತ್ತಾರೆಂದಲ್ಲ. ಅವರು ಹೇಳುವುದು ನಿಜವೆಂಬ ಕಾರಣಕ್ಕಾಗಿ. ಬಸ್ಸಿನ ಫಲಕ ಓದಬಲ್ಲರು, ಔಷಧದ ಚೀಟಿಯ ಮೇಲಿನ ಎರಡು ಸಾಲು ತಿಳಿಯಬಲ್ಲರು, ಪರಊರಿನವನು ದಾರಿ ಕೇಳಿದರೆ ಕೈಸನ್ನೆಯ ಸಹಾಯದಿಂದ ಹೇಗೋ ತಿಳಿಸಿ ಕಳುಹಿಸಬಲ್ಲರು. ಆದರೆ ಅದು ‘ಬರುವುದು’ ಎನ್ನಿಸಿಕೊಳ್ಳುತ್ತದೆಯೋ ಇಲ್ಲವೋ ಎಂಬ ಸಂದೇಹ ಅವರನ್ನು ಬಿಡದು.

ಯುರೋಪಿನ ಪಂಡಿತರು ಈ ‘ಅಷ್ಟಕ್ಕಷ್ಟೆ’ಗೆ ಒಂದು ಹೆಸರನ್ನೂ ಒಂದು ಅಳತೆಯನ್ನೂ ಕೊಟ್ಟಿದ್ದಾರೆ. ಯುರೋಪ್ ಮಂಡಲಿಯ ಪರವಾಗಿ 1975ರಲ್ಲಿ ಫಾನ್ ಏಕ್ ಎಂಬ ಡಚ್ ವಿದ್ವಾಂಸರು ಒಂದು ಗ್ರಂಥವನ್ನು ಸಿದ್ಧಪಡಿಸಿದರು. ಪರಭಾಷೆಯೊಂದರಲ್ಲಿ ಸ್ವತಂತ್ರವಾಗಿ ಬಾಳುವೆ ನಡೆಸಲು ಮನುಷ್ಯನಿಗೆ ಕನಿಷ್ಠ ಏನೇನು ಬರಬೇಕು ಎಂಬುದೇ ಅದರ ವಿಷಯ. ಆ ಮಟ್ಟಕ್ಕೆ ಅವರು ಇಟ್ಟ ಹೆಸರು ‘ಹೊಸ್ತಿಲು’. ಪಂಡಿತರ ಪರಿಭಾಷೆಗಳಲ್ಲಿ ಇಷ್ಟು ಮನೆಯ ಮಾತಿನಂತಿರುವ ಶಬ್ದ ಅಪೂರ್ವ. ಹೊಸ್ತಿಲ ಮೇಲೆ ನಿಂತವನು ಹೊರಗಿನವನೂ ಅಲ್ಲ, ಒಳಗಿನವನೂ ಅಲ್ಲ. ಆದರೆ ಒಳಗೆ ನಡೆಯುವುದು ಅವನಿಗೆ ಕಾಣಿಸುತ್ತದೆ. ಈ ಮಟ್ಟವನ್ನು ಆಧರಿಸಿ ಕೇಂಬ್ರಿಜ್ಜಿನವರು 1980ರಲ್ಲಿ ‘ಪ್ರಿಲಿಮಿನರಿ’ ಎಂಬ ಪರೀಕ್ಷೆಯನ್ನು ಆರಂಭಿಸಿದರು. 2001ರಲ್ಲಿ ಯುರೋಪ್ ಮಂಡಲಿಯು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳ ಚೌಕಟ್ಟನ್ನು ಪ್ರಕಟಿಸಿದಾಗ ಹೊಸ್ತಿಲಿಗೆ ಸಿಕ್ಕ ಸ್ಥಾನ ಬಿ1; ಎಂದರೆ ಕೆಳಗಿನಿಂದ ಮೂರನೆಯದು. ಪರಿಚಿತ ವಿಷಯದ ಮೇಲೆ ಸ್ಪಷ್ಟವಾಗಿ ಆಡಿದ ಮಾತಿನ ತಿರುಳು ತಿಳಿಯಬೇಕು; ಪ್ರಯಾಣದಲ್ಲಿ ಎದುರಾಗುವ ಸಂದರ್ಭಗಳನ್ನು ನಿಭಾಯಿಸಬೇಕು; ತಾನು ಕಂಡದ್ದನ್ನು ಹೇಳಿ, ತನ್ನ ಅಭಿಪ್ರಾಯಕ್ಕೆ ಒಂದೆರಡು ಕಾರಣ ಕೊಡಬೇಕು. ಬಿ1 ಎಂಬುದರ ಸಾರಾಂಶ ಇಷ್ಟೆ.

ಹಳಿಯಾಳದ ನನ್ನ ಮನೆಯ ಪಡಸಾಲೆಯಲ್ಲಿ ಕೆಲವು ವರ್ಷಗಳಿಂದ ರವಿವಾರದ ದಿನ ಈ ಹೊಸ್ತಿಲಿನ ಪರೀಕ್ಷೆಗೆ ಹುಡುಗರನ್ನು ಸಿದ್ಧಪಡಿಸುತ್ತಿದ್ದೇನೆ. ನೌಕರಿಯಿಂದ ನಿವೃತ್ತನಾದ ಇಂಗ್ಲಿಷು ಮಾಸ್ತರನಿಗೆ ಇದಕ್ಕಿಂತ ಬೇರೆ ಯಾವ ಚಟ ಹತ್ತೀತು? ಬರುವವರು ಏಳೆಂಟು ಮಂದಿ. ಜೋಯಿಡಾ ಕಡೆಯ ಕುಣಬಿ ಕುಟುಂಬದ ಒಬ್ಬ ಹುಡುಗಿ ದಾಂಡೇಲಿಯಲ್ಲಿ ಬಸ್ಸು ಬದಲಿಸಿ ಬರುತ್ತಾಳೆ. ಗಣೇಶಗುಡಿಯ ಹತ್ತಿರದ ಒಂದು ಪ್ರವಾಸಿ ವಸತಿಗೃಹದಲ್ಲಿ ಅವಳಿಗೆ ಕೆಲಸ. ದಾಂಡೇಲಿಯ ಕಾಗದದ ಗಿರಣಿಯ ಕಾರ್ಮಿಕರೊಬ್ಬರ ಮಗ ಒಬ್ಬ. ಇದೇ ತಾಲೂಕಿನ ಸಿದ್ದಿ ಸಮುದಾಯದ ಅಣ್ಣತಂಗಿಯರು ಇಬ್ಬರು. ಮುಂಡಗೋಡದ ಟಿಬೆಟನ್ ವಸಾಹತಿನಿಂದ ಒಬ್ಬ ತರುಣ ಭಿಕ್ಷು ಕಲಘಟಗಿಯ ದಾರಿಯಿಂದ ಬಸ್ಸು ಬದಲಿಸುತ್ತ ಬಂದು, ಹೊತ್ತಿಗೆ ಸರಿಯಾಗಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ. ಒಬ್ಬೊಬ್ಬರಿಗೂ ಒಂದೊಂದು ಕಾರಣ. ಪರದೇಶದ ಹೋಟೆಲಿನಲ್ಲಿ ಕೆಲಸ ಕೊಡಿಸುವವರು ಪ್ರಮಾಣಪತ್ರ ಕೇಳುತ್ತಾರೆಂದು ಒಬ್ಬರಿಗೆ. ಹೊರನಾಡಿನಲ್ಲಿ ಧರ್ಮಗುರುಗಳ ದುಭಾಷಿಯಾಗಬೇಕೆಂದು ಇನ್ನೊಬ್ಬರಿಗೆ. ಸಿದ್ದಿ ಹುಡುಗಿಗೆ ಮಾತ್ರ ಯಾವ ಕಾರಣವೂ ಇಲ್ಲ. ‘ಮಾಸ್ತರ್, ನನಗೆ ಬರುತ್ತದೋ ಇಲ್ಲವೋ ಒಮ್ಮೆ ಗೊತ್ತಾಗಬೇಕು’ ಎಂದಳು. ನನಗೆ ಎಲ್ಲಕ್ಕಿಂತ ಹಿಡಿಸಿದ ಕಾರಣ ಅದೇ.

ವಾಚಕರು ಗಮನಿಸಬೇಕಾದ ಸಂಗತಿ ಮುಂದಿದೆ. ಈ ಏಳೆಂಟು ಮಂದಿಯಲ್ಲಿ ಮನೆಯಲ್ಲಿ ಕನ್ನಡವಾಡುವವನು ಒಬ್ಬನೂ ಇಲ್ಲ. ಜೋಯಿಡಾದ ಹುಡುಗಿಗೆ ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಸಿದ್ದಿಗಳ ಮನೆಮಾತು ಕೊಂಕಣಿಗೆ ಹತ್ತಿರದ್ದು. ಗಿರಣಿ ಕಾರ್ಮಿಕರ ಮಗನ ತಂದೆ ತೆಲುಗಿನವರು. ಅವರ ಸಾಲುಮನೆಗಳ ಓಣಿಯಲ್ಲಿ ಹಿಂದಿ, ಮಲಯಾಳ, ಮರಾಠಿ, ಕನ್ನಡ ಒಟ್ಟಿಗೆ ನಲ್ಲಿಯ ಮುಂದೆ ಸರತಿ ನಿಲ್ಲುತ್ತವೆ. ಹಳಿಯಾಳ, ಜೋಯಿಡಾಗಳ ಗೌಳಿಗರು ಮರಾಠಿಯ ಒಂದು ಬಗೆಯನ್ನು ಆಡುತ್ತಾರೆ. ಭಿಕ್ಷುವಿಗೆ ಟಿಬೆಟನ್ ಭಾಷೆ, ಹಿಂದಿ, ಸಂತೆಯ ಮಟ್ಟಿಗೆ ಕನ್ನಡ. ಹೀಗಿರುವಾಗ ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ನೋಡಿದರೆ ನಗು ಬರುತ್ತದೆ. ಜೋಯಿಡಾದ ಹುಡುಗಿಯ ಪಟ್ಟಿಯಲ್ಲಿ ಪ್ರಥಮ ಭಾಷೆ ಕನ್ನಡ, ನೂರಿಪ್ಪತ್ತೈದು ಅಂಕಗಳಿಗೆ. ದ್ವಿತೀಯ ಭಾಷೆ ಇಂಗ್ಲಿಷು, ನೂರಕ್ಕೆ. ತೃತೀಯ ಭಾಷೆ ಹಿಂದಿ, ನೂರಕ್ಕೆ. ಅವಳು ಹುಟ್ಟಿದಾಗಿನಿಂದ ಆಡಿದ ಭಾಷೆಗೆ ಆ ಕಾಗದದಲ್ಲಿ ಎಡೆಯಿಲ್ಲ. ಲೆಕ್ಕ ಹಾಕಿದರೆ ಇಂಗ್ಲಿಷು ಅವಳಿಗೆ ನಾಲ್ಕನೆಯದೋ ಐದನೆಯದೋ ಆಗುತ್ತದೆ. ಅವಳನ್ನು ಕೇಳಿದರೆ ಮಾತ್ರ ‘ನನಗೆ ಭಾಷೆ ಕಲಿಯುವ ತಲೆಯಿಲ್ಲ, ಸರ್’ ಎನ್ನುತ್ತಾಳೆ!

ಈ ಮಾತು ನನ್ನ ಮನಸ್ಸನ್ನು ಕೊರೆಯುತ್ತಿದ್ದುದರಿಂದಲೇ ಈ ಲೇಖನ ಬರೆಯಬೇಕೆನ್ನಿಸಿತು. ನಾಲ್ಕು ಭಾಷೆಗಳಲ್ಲಿ ಲೀಲಾಜಾಲವಾಗಿ ಓಡಾಡುವ ಹುಡುಗಿ ಐದನೆಯದರ ಹೊಸ್ತಿಲ ಬಳಿ ನಿಂತು ತನಗೆ ಕಾಲೇ ಇಲ್ಲವೆಂದು ನಂಬುವಂತೆ ನಾವು ಮಾಡಿದ್ದೇವೆ. ಹೇಗೆ ಮಾಡಿದೆವು?

ಮೊದಲು ಪರೀಕ್ಷೆಯ ಸ್ವರೂಪವನ್ನು ಹೇಳಿಬಿಡುತ್ತೇನೆ. ಕೇಂಬ್ರಿಜ್ಜಿನ ಬಿ1 ಪರೀಕ್ಷೆಗೆ ನಾಲ್ಕು ಅಂಗಗಳು. ಓದುವುದಕ್ಕೆ ನಲವತ್ತೈದು ನಿಮಿಷ, ಮೂವತ್ತೆರಡು ಪ್ರಶ್ನೆ. ಬರೆಯುವುದಕ್ಕೆ ಮತ್ತೆ ನಲವತ್ತೈದು ನಿಮಿಷ. ನೂರು ಶಬ್ದಗಳ ಸುಮಾರಿನಲ್ಲಿ ಒಂದು ಈಮೇಲು, ಅಷ್ಟೇ ಉದ್ದದ ಒಂದು ಲೇಖನ ಅಥವಾ ಕಥೆ. ಕೇಳುವುದಕ್ಕೆ ಅರ್ಧ ಗಂಟೆ, ಇಪ್ಪತ್ತೈದು ಪ್ರಶ್ನೆ. ಪ್ರತಿಯೊಂದು ಮುದ್ರಿಕೆಯನ್ನೂ ಎರಡು ಸಲ ಕೇಳಿಸುತ್ತಾರೆ. ಕೊನೆಯದು ಮಾತು: ಇಬ್ಬರು ಅಭ್ಯರ್ಥಿಗಳು, ಇಬ್ಬರು ಪರೀಕ್ಷಕರು, ಸುಮಾರು ಹನ್ನೆರಡು ನಿಮಿಷ. ಅಲ್ಲಿ ತನ್ನ ಬಗ್ಗೆ ಹೇಳಬೇಕು, ಒಂದು ಚಿತ್ರವನ್ನು ನೋಡಿ ಒಂದು ನಿಮಿಷ ವರ್ಣಿಸಬೇಕು, ಜತೆಯ ಅಭ್ಯರ್ಥಿಯೊಡನೆ ಸಮಾಲೋಚನೆ ಮಾಡಬೇಕು. ಮಾಪಕದಲ್ಲಿ 140 ಬಂದರೆ ಉತ್ತೀರ್ಣ. ಏನೂ ಬಾರದವನು ಈ ಮಟ್ಟ ಮುಟ್ಟಲು ಗುರುವಿನ ಮುಂದೆ ಕುಳಿತು ಮುನ್ನೂರೈವತ್ತರಿಂದ ನಾನೂರು ಗಂಟೆ ಕಲಿಯಬೇಕೆಂದು ಕೇಂಬ್ರಿಜ್ಜಿನವರ ಅಂದಾಜು. ರವಿವಾರಕ್ಕೆ ಮೂರು ಗಂಟೆಯಂತೆ ನಾನು ಕಲಿಸಿದರೆ ಎರಡೂವರೆ ವರ್ಷವಾದೀತು. ಆದರೆ ನಮ್ಮ ಹುಡುಗರು ಏನೂ ಬಾರದವರಲ್ಲ. ಶಾಲೆಯಲ್ಲಿ ಹತ್ತು ವರ್ಷ ಇಂಗ್ಲಿಷಿನ ಗಾಳಿ ಸೋಂಕಿಸಿಕೊಂಡವರು.

ತೊಡಕು ಇರುವುದು ಆ ಗಾಳಿಯಲ್ಲಿಯೇ. ನಮ್ಮ ಎಸ್.ಎಸ್.ಎಲ್.ಸಿ. ಪತ್ರಿಕೆಯನ್ನು ನಾನು ಪೂರ್ತಿ ಹಳಿಯಲಾರೆ. ಅದರಲ್ಲಿಯೂ ಕಾಣದ ಗದ್ಯಭಾಗವುಂಟು, ಪತ್ರಲೇಖನವುಂಟು, ಚಿತ್ರ ನೋಡಿ ಬರೆಯುವುದುಂಟು. ಆದರೆ ಪಾಠದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ, ಪದ್ಯದ ನಾಲ್ಕು ಸಾಲನ್ನು ನೆನಪಿನಿಂದ ಒಪ್ಪಿಸಿ ದಡ ಸೇರುವ ಉಪಾಯವನ್ನು ನಮ್ಮ ಶಾಲೆಗಳು ಅದಕ್ಕಿಂತ ಮೊದಲು ಕಲಿಸಿರುತ್ತವೆ. ಇಂಗ್ಲಿಷೆಂದರೆ ನೆನಪಿನಲ್ಲಿ ಹೊತ್ತು ತಂದು ಕಾಗದದ ಮೇಲೆ ಇಳಿಸುವ ಮೂಟೆ. ದಾರಿಯಲ್ಲಿ ಅದನ್ನು ಬಿಚ್ಚಿ ನೋಡುವ ಅಗತ್ಯವಿಲ್ಲ. ಹೊಸ್ತಿಲಿನ ಪರೀಕ್ಷೆಯಲ್ಲಿ ಹೊತ್ತು ತರುವುದಕ್ಕೆ ಏನೂ ಇಲ್ಲ. ಪಠ್ಯಪುಸ್ತಕವಿಲ್ಲ, ಪಾಠವಿಲ್ಲ. ಇದನ್ನು ಕೇಳಿದಾಗ ನನ್ನ ಹುಡುಗರ ಮುಖ ಬಿಳಚಿಕೊಳ್ಳುವುದನ್ನು ಪ್ರತಿ ವರ್ಷ ನೋಡುತ್ತೇನೆ. ‘ಹಾಗಾದರೆ ಓದುವುದು ಏನನ್ನು, ಸರ್?’

ಈ ಪ್ರಶ್ನೆಗೆ ಪೇಟೆಯಲ್ಲಿ ಉತ್ತರ ಮಾರುವವರಿದ್ದಾರೆ. ಜೋಯಿಡಾದ ಹುಡುಗಿ ನನ್ನಲ್ಲಿಗೆ ಬರುವ ಮೊದಲು ದೊಡ್ಡ ಊರಿನ ಒಂದು ತರಬೇತಿ ವರ್ಗಕ್ಕೆ ತನ್ನ ಎರಡು ತಿಂಗಳ ಪಗಾರವನ್ನು ಸುರಿದು ಬಂದಿದ್ದಳು. ಅವರು ಕೊಟ್ಟ ಟಿಪ್ಪಣಿಯ ಕಟ್ಟಿನಲ್ಲಿ ನಲವತ್ತು ಮಾದರಿ ಉತ್ತರಗಳಿದ್ದವು. ನನಗೆ ಪ್ರಿಯವಾದ ಸ್ಥಳ ಎಂದರೆ ಸಮುದ್ರದ ದಂಡೆ. ಅಲ್ಲಿ ನೀಲಿ ನೀರು, ಚಿನ್ನದ ಮರಳು, ತಂಪು ಪಾನೀಯ. ನನಗೆ ಪ್ರಿಯವಾದ ಊಟವೆಂದರೆ ಪಿಜ್ಜಾ. ನನ್ನ ಗೆಳೆಯನ ಹೆಸರು ಯಾವುದೋ ಜಾನ್. ಅವಳು ನಲವತ್ತನ್ನೂ ಗಟ್ಟಿ ಮಾಡಿದ್ದಳು. ಪ್ರಿಯವಾದ ಸ್ಥಳ ಯಾವುದೆಂದು ಕೇಳಿದೊಡನೆ ಚಿನ್ನದ ಮರಳು ಹರಿದು ಬಂತು. ಕೇಳಿದ್ದನ್ನು ಸ್ವಲ್ಪ ತಿರುಗಿಸಿ, ಅಲ್ಲಿ ನಿನಗೆ ಹಿಡಿಸದೆ ಇರುವುದು ಯಾವುದು ಎಂದೆ. ಮಾತು ನಿಂತಿತು. ಸಮುದ್ರವನ್ನು ಅವಳು ನೋಡಿದ್ದು ಒಂದೇ ಸಲವಂತೆ, ಕಾರವಾರದಲ್ಲಿ, ಯಾವುದೋ ದಾಖಲೆಯ ಕೆಲಸಕ್ಕೆ ಹೋದಾಗ.

ನಾನು ಆ ಕಟ್ಟನ್ನು ಪಕ್ಕಕ್ಕಿಡಿಸಿ, ನಿನ್ನ ಅಜ್ಜಿಗೆ ಪ್ರಿಯವಾದ ಸ್ಥಳ ಯಾವುದು ಹೇಳು ಎಂದೆ. ಕೊಂಕಣಿಯಲ್ಲೇ ಹೇಳು ಎಂದೆ; ನನಗೂ ಅಷ್ಟಿಷ್ಟು ತಿಳಿಯುತ್ತದೆ. ಅವಳ ಅಜ್ಜಿಯ ತವರು ಹಳೆಯ ಸೂಪಾದ ಹತ್ತಿರ. 1987ರಲ್ಲಿ ಪೂರ್ಣಗೊಂಡ, ನೂರೊಂದು ಮೀಟರು ಎತ್ತರದ ಅಣೆಕಟ್ಟಿನ ಹಿಂದೆ ಕಾಳಿ ನದಿ ನಿಂತುಕೊಂಡಾಗ ಸೂಪಾ ಪಟ್ಟಣ ಮುಳುಗಿತು. ತಾಲೂಕಿನ ಹೆಸರೇ ಬದಲಾಗಿ ಜೋಯಿಡಾ ಆಯಿತು. ಒಕ್ಕಲೆದ್ದವರಲ್ಲಿ ಹಲವರು ರಾಮನಗರದಲ್ಲಿ ನೆಲೆನಿಂತರು. ಹುಡುಗಿ ಇದನ್ನು ಹೇಳಿದ ಬಗೆಯೇ ಬೇರೆ. ಅಜ್ಜಿ ಬೇಸಗೆಯಲ್ಲಿ ನೀರಿಳಿದಾಗ ದಂಡೆಗೆ ಹೋಗಿ, ಬೆರಳು ತೋರಿಸಿ, ಅಲ್ಲಿ ಬಾವಿ, ಅಲ್ಲಿ ತುಳಸಿಕಟ್ಟೆ ಎನ್ನುತ್ತಾಳಂತೆ. ಕೊಂಕಣಿಯಲ್ಲಿ ಹತ್ತು ನಿಮಿಷ ಹೇಳಿದಳು. ಆಮೇಲೆ ಕನ್ನಡದಲ್ಲಿ ಐದು ನಿಮಿಷ. ಆಮೇಲೆ ಇಂಗ್ಲಿಷಿನಲ್ಲಿ ಬರೆ ಎಂದಾಗ ಎಂಬತ್ತೆಂಟು ಶಬ್ದಗಳಾದವು. ಹನ್ನೊಂದು ತಪ್ಪುಗಳಿದ್ದವು. ಆದರೆ ಹೀಗೇಕೆ, ಹಾಗೇಕೆ ಎಂದು ಎಲ್ಲಿ ಅಡ್ಡಹಾಕಿ ಕೇಳಿದರೂ ಅವಳಲ್ಲಿ ಉತ್ತರವಿತ್ತು. ಪರೀಕ್ಷಕರಿಗೆ ಬೇಕಾದದ್ದೂ ಅದೇ. ಬಾಯಿಪಾಠದ ಉತ್ತರವನ್ನು ನುರಿತ ಪರೀಕ್ಷಕ ಎರಡನೆಯ ವಾಕ್ಯದಲ್ಲಿಯೇ ಗುರುತಿಸುತ್ತಾನೆ. ಕೇಳದ ಪ್ರಶ್ನೆಗೆ ಎಷ್ಟು ಚಂದದ ಉತ್ತರ ಬರೆದರೂ ವಿಷಯಕ್ಕಿಟ್ಟ ಅಂಕ ಕೈಬಿಡುತ್ತದೆ.

ಆ ಹನ್ನೊಂದು ತಪ್ಪುಗಳಲ್ಲಿ ಒಂದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ವ್ಯಾಕರಣವೆಂದು ವಾಚಕರು ಪುಟ ತಿರುವಬಾರದು. ಅವಳು ತನ್ನ ತಂಗಿಯ ವಿಷಯ ಬರೆಯುವಾಗಲೆಲ್ಲ ‘ಶಿ’ ಎನ್ನದೆ ‘ಇಟ್’ ಎಂದು ಬರೆಯುತ್ತಿದ್ದಳು. ಆ ತರಬೇತಿ ವರ್ಗದಲ್ಲಿ ಇದಕ್ಕಾಗಿ ಅವಳನ್ನು ನಗೆಪಾಟಲು ಮಾಡಿದ್ದರಂತೆ. ನಿಜಸ್ಥಿತಿ ಏನೆಂದರೆ, ಕೊಂಕಣಿಯ ಅನೇಕ ಆಡುನುಡಿಗಳಲ್ಲಿ ಹುಡುಗಿ ಎಂಬರ್ಥದ ಶಬ್ದ ನಪುಂಸಕಲಿಂಗದ್ದು. ಚಿಕ್ಕ ಹೆಣ್ಣುಮಗಳನ್ನು ‘ಅದು’ ಎನ್ನುವುದು ಅಲ್ಲಿ ಅಕ್ಕರೆಯೇ ಹೊರತು ಅವಜ್ಞೆಯಲ್ಲ. ಇದೇ ಜಿಲ್ಲೆಯ ಶಿರಸಿ, ಸಿದ್ದಾಪುರಗಳ ಹವ್ಯಕರ ಕನ್ನಡವನ್ನು ಕೇಳಿದವರಿಗೆ ಇದು ಹೊಸದೂ ಅಲ್ಲ. ಅಲ್ಲಿ ಅಕ್ಕನೂ ‘ಬಂತು’, ಅತ್ತಿಗೆಯೂ ‘ಬಂತು’. ಹುಡುಗಿ ಮಾಡಿದ್ದು ಅಜ್ಞಾನದ ತಪ್ಪಲ್ಲ. ಒಂದು ಭಾಷೆಯ ನಿಯಮವನ್ನು ನಿಷ್ಠೆಯಿಂದ ಇನ್ನೊಂದಕ್ಕೆ ಅನ್ವಯಿಸಿದ್ದು. ಇದನ್ನು ತಿದ್ದುವ ಸಾಧನವೂ ಅವಳ ಕೈಯಲ್ಲಿಯೇ ಇತ್ತು. ಶಾಲೆಯ ಕನ್ನಡದಲ್ಲಿ ‘ಅವನು, ಅವಳು, ಅದು’ ಎಂಬ ವಿಂಗಡಣೆ ಇಂಗ್ಲಿಷಿನ ‘ಹಿ, ಶಿ, ಇಟ್’ಗೆ ಬಹುಮಟ್ಟಿಗೆ ಸರಿಹೊಂದುತ್ತದೆ. ಕೊಂಕಣಿ, ಮರಾಠಿಗಳಲ್ಲಿ ನಿರ್ಜೀವ ವಸ್ತುಗಳಿಗೂ ಗಂಡು ಹೆಣ್ಣೆಂಬ ಭೇದವುಂಟು; ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಆ ಕಾಟವಿಲ್ಲ. ‘ಬರೆಯುವ ಮೊದಲು ಮನಸ್ಸಿನಲ್ಲಿ ಕನ್ನಡದಲ್ಲಿ ಒಮ್ಮೆ ಅಂದುಕೋ, ಅವಳು ಎಂದು ಬಂದರೆ ಶಿ’ ಎಂದೆ. ಮೂರು ವಾರದಲ್ಲಿ ‘ಇಟ್’ ತೊಲಗಿತು.

ಹೀಗೆಯೇ ಇನ್ನೊಂದು. ‘ಬಂದನು’ ಮತ್ತು ‘ಬಂದಿದ್ದಾನೆ’ ಎಂಬ ಎರಡು ರೂಪಗಳು ನಮ್ಮಲ್ಲಿವೆ. ಹಿಂದೆ ಆದ ಕ್ರಿಯೆಯ ಫಲ ಈಗಲೂ ಉಳಿದಿದ್ದರೆ ಎರಡನೆಯದನ್ನು ಬಳಸುತ್ತೇವೆ. ಇಂಗ್ಲಿಷಿನ ‘ಹ್ಯಾಸ್ ಕಮ್’ ಇದಕ್ಕೆ ಬಲು ಹತ್ತಿರದ ನೆಂಟ. ಒಂದೇ ವ್ಯತ್ಯಾಸ: ನಾವು ‘ಅವನು ನಿನ್ನೆಯೇ ಬಂದಿದ್ದಾನೆ’ ಎಂದು ಧಾರಾಳವಾಗಿ ಹೇಳುತ್ತೇವೆ, ಇಂಗ್ಲಿಷು ‘ನಿನ್ನೆ’ ಎಂದು ಕಾಲ ಹೆಸರಿಸಿದೊಡನೆ ಆ ರೂಪವನ್ನು ಒಲ್ಲೆನೆನ್ನುತ್ತದೆ. ಬಿ1 ಪರೀಕ್ಷೆಯಲ್ಲಿ ಈ ವ್ಯತ್ಯಾಸದ ಮೇಲೆ ತಪ್ಪದೆ ಕಣ್ಣಿಡುತ್ತಾರೆ. ಕನ್ನಡದ ವಾಕ್ಯವನ್ನು ಮುಂದಿಟ್ಟುಕೊಂಡು ಹೇಳಿದರೆ ಇದು ಹತ್ತು ನಿಮಿಷದ ಪಾಠ. ಕನ್ನಡದ ಒಂದು ಶಬ್ದವೂ ಬರಕೂಡದೆಂಬ ವರ್ಗದಲ್ಲಿ ಇದಕ್ಕೇ ಒಂದು ತಿಂಗಳು ಹಿಡಿದು, ಕಡೆಗೂ ತಿಳಿಯದೆ ಉಳಿದದ್ದನ್ನು ನಾನು ಕಂಡಿದ್ದೇನೆ. ಇಂಗ್ಲಿಷು ಕಲಿಯಬೇಕಾದರೆ ಕನ್ನಡವನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕೆಂಬ ಉಪದೇಶ ನಮ್ಮ ಊರುಗಳ ಮಟ್ಟಿಗಂತೂ ಕಾಲಿಗೆ ತೊಡರುವ ಹಗ್ಗ.

ಭಿಕ್ಷುವಿನ ಸಮಸ್ಯೆ ಬೇರೆ ಜಾತಿಯದು. ಮುಂಡಗೋಡದ ವಸಾಹತು 1966ರಲ್ಲಿ ಸ್ಥಾಪನೆಯಾಯಿತು. ಲ್ಹಾಸಾದ ಸುತ್ತಿನ ಗಂದೆನ್ ಮತ್ತು ದ್ರೆಪುಂಗ್ ಮಹಾವಿಹಾರಗಳು ಅಲ್ಲಿ ಮರುಜನ್ಮ ಪಡೆದಿವೆ. ಅಲ್ಲಿನ ವಿದ್ಯೆಯ ಪ್ರಾಣ ವಾದ. ಸಂಜೆಯ ಹೊತ್ತು ಅಂಗಳದಲ್ಲಿ ಒಬ್ಬ ಕುಳಿತು ಪಕ್ಷವನ್ನು ಸಮರ್ಥಿಸುತ್ತಾನೆ. ಇನ್ನೊಬ್ಬ ನಿಂತು, ಕಾಲು ನೆಲಕ್ಕೊತ್ತಿ, ಕೈ ಚಪ್ಪಾಳೆ ತಟ್ಟಿ ಪ್ರಶ್ನೆಯನ್ನು ಎಸೆಯುತ್ತಾನೆ. ಅಲ್ಲಿ ವರ್ಷಗಟ್ಟಲೆ ಪಳಗಿದವನಿಗೆ ಮಾತಿನ ಪರೀಕ್ಷೆಯೆಂದರೆ ಭಯವಿಲ್ಲ. ಅಭ್ಯಾಸಕ್ಕೆಂದು ಒಂದು ರವಿವಾರ ಅವನನ್ನೂ ದಾಂಡೇಲಿಯ ಹುಡುಗನನ್ನೂ ಎದುರುಬದುರು ಕೂರಿಸಿ, ಗೆಳೆಯನೊಬ್ಬನಿಗೆ ಯಾವ ಉಡುಗೊರೆ ಕೊಡಬಹುದೆಂದು ಚರ್ಚಿಸಿರಿ ಎಂದೆ. ಹುಡುಗ ಪುಸ್ತಕವೆಂದ. ಭಿಕ್ಷು ‘ವೈ?’ ಎಂದ. ಹುಡುಗ ಕಾರಣ ಕೊಟ್ಟ. ಭಿಕ್ಷು ಆ ಕಾರಣದಿಂದ ಆ ನಿರ್ಣಯ ಹುಟ್ಟುವುದಿಲ್ಲವೆಂದು ಸಾಧಿಸಿದ. ಎರಡು ನಿಮಿಷದಲ್ಲಿ ಹುಡುಗ ನಿರುತ್ತರನಾದ. ಭಿಕ್ಷುವಿನ ಕೈ ಚಪ್ಪಾಳೆಗೆ ಮೇಲೆದ್ದಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕೆವು, ಅವನೂ ನಕ್ಕ. ಬಿ1ರಲ್ಲಿ ಜತೆಗಾರನನ್ನು ಗೆಲ್ಲುವುದಕ್ಕೆ ಅಂಕವಿಲ್ಲ. ಅವನ ಮಾತಿಗೆ ಹೂಂಗುಟ್ಟಿ, ಅದಕ್ಕೆ ತನ್ನದನ್ನು ಸೇರಿಸಿ, ಇಬ್ಬರೂ ಕೂಡಿ ಒಂದು ತೀರ್ಮಾನದ ಕಡೆಗೆ ಸಾಗುವುದಕ್ಕೆ ಅಂಕ. ಅವನು ಸ್ವಲ್ಪ ಯೋಚಿಸಿ ಹೇಳಿದ: ‘ಹಾಗಾದರೆ ಇದು ವಾದವಲ್ಲ, ಚಹಾ ಕುಡಿಯುವಾಗಿನ ಮಾತು.’ ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಗೌರವಕ್ಕೆ ಒಂದು ಶಬ್ದಸಮೂಹ, ಸಲುಗೆಗೆ ಇನ್ನೊಂದು ಎಂದು ಟಿಬೆಟನ್ ಭಾಷೆಯಲ್ಲಿ ಎರಡು ಪದರಗಳಿವೆ. ಆದ್ದರಿಂದ ಗೆಳೆಯನಿಗೆ ಬರೆಯುವ ಧಾಟಿ ಯಾವುದು, ಮೇಲಧಿಕಾರಿಗೆ ಬರೆಯುವ ಧಾಟಿ ಯಾವುದು ಎಂಬ ಸೂಕ್ಷ್ಮವನ್ನು ಅವನಿಗೆ ನಾನು ಕಲಿಸಬೇಕಾಗಲೇ ಇಲ್ಲ.

ದಾಂಡೇಲಿಯ ಹುಡುಗನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನ ಕಿವಿ ಓಣಿಯಲ್ಲಿ ತಯಾರಾದದ್ದು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಗಿರಣಿಯ ಸುತ್ತ ನಾಡಿನ ನಾಲ್ಕು ದಿಕ್ಕಿನ ಜನ ಬಂದು ಸೇರಿದರು. ಐದು ಬಗೆಯ ಹಿಂದಿಯನ್ನು ಕೇಳಿ ಅರ್ಥಮಾಡಿಕೊಂಡವನಿಗೆ ಎರಡು ಬಗೆಯ ಇಂಗ್ಲಿಷು ಏನು ಮಹಾ? ಶಿಫ್ಟು, ಬಾಯ್ಲರು, ಗೇಟುಪಾಸು, ಓವರ್‌ಟೈಮು ಎಂದು ಅವನ ತಂದೆ ದಿನವೂ ಆಡುವ ಇಂಗ್ಲಿಷನ್ನು ಯಾವ ಪರೀಕ್ಷೆಯೂ ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೆ.

ಲೆಕ್ಕಕ್ಕೆ ಹಿಡಿಯುವ ಮಾತು ಬಂದದ್ದರಿಂದ ಒಂದು ಹಳೆಯ ಕಥೆ. ಕೇಂಬ್ರಿಜ್ಜಿನವರು ಪರಭಾಷಿಗರಿಗಾಗಿ ಇಂಗ್ಲಿಷಿನ ಮೊಟ್ಟಮೊದಲ ಪರೀಕ್ಷೆಯನ್ನು ನಡೆಸಿದ್ದು 1913ರಲ್ಲಿ. ಹನ್ನೆರಡು ಗಂಟೆಗಳ ಪರೀಕ್ಷೆ, ಕುಳಿತವರು ಮೂವರು, ತೇರ್ಗಡೆಯಾದವರು ಸೊನ್ನೆ. ಆ ಪರೀಕ್ಷೆಯಲ್ಲಿ ಅನುವಾದವೂ ಒಂದು ಅಂಗವಾಗಿತ್ತು: ಇಂಗ್ಲಿಷಿನಿಂದ ಫ್ರೆಂಚಿಗೋ ಜರ್ಮನಿಗೋ, ಅಲ್ಲಿಂದ ಇಂಗ್ಲಿಷಿಗೆ. ಕಾಲಕ್ರಮದಲ್ಲಿ ಅನುವಾದ ಹಳೆಯ ಪದ್ಧತಿಯೆನಿಸಿ ಬಿಟ್ಟುಹೋಯಿತು. ಇಂಗ್ಲಿಷನ್ನು ಇಂಗ್ಲಿಷಿನ ಮೂಲಕವೇ ಕಲಿಸಬೇಕೆಂಬ ಮತ ಬಲಗೊಂಡಿತು. ಆದರೆ 2018ರಲ್ಲಿ ಕರಡಾಗಿಯೂ 2020ರಲ್ಲಿ ಅಂತಿಮ ರೂಪದಲ್ಲಿಯೂ ಯುರೋಪ್ ಮಂಡಲಿಯು ತನ್ನ ಚೌಕಟ್ಟಿಗೆ ಒಂದು ಪೂರಕ ಸಂಪುಟವನ್ನು ಹೊರತಂದಾಗ, ಓದು, ಬರಹ, ಕೇಳ್ಮೆ, ಮಾತುಗಳ ಜತೆಗೆ ‘ಮಧ್ಯಸ್ಥಿಕೆ’ ಎಂಬುದಕ್ಕೂ ಸವಿಸ್ತರವಾದ ಮಾಪಕಗಳನ್ನು ಕೊಟ್ಟಿತು. ಒಬ್ಬನ ಭಾಷೆಯಲ್ಲಿ ಹೇಳಿದ್ದನ್ನು ಅದು ತಿಳಿಯದ ಇನ್ನೊಬ್ಬನಿಗೆ ಅವನ ಭಾಷೆಯಲ್ಲಿ ಮುಟ್ಟಿಸುವ ಶಕ್ತಿಯೂ ಇದರಲ್ಲಿ ಸೇರುತ್ತದೆ. ಒಂದು ಭಾಷೆಯಲ್ಲಿ ಗಳಿಸಿದ ತಿಳಿವಳಿಕೆ ಇನ್ನೊಂದರ ಕಲಿಕೆಗೆ ಬಂಡವಾಳವಾಗುತ್ತದೆಂದು ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಷ್ಟು ಹಿಂದೆಯೇ ವಾದಿಸಿದ್ದರು.

ಇದನ್ನು ಓದಿದಾಗ ನನಗೆ ಜೋಯಿಡಾದ ಹುಡುಗಿ ಹೇಳಿದ ಒಂದು ಸಂಗತಿ ನೆನಪಾಯಿತು. ಅವಳು ಹತ್ತು ವರ್ಷದವಳಿದ್ದಾಗಿನಿಂದ ಅಜ್ಜಿಯ ಜತೆ ಕಚೇರಿಗಳಿಗೆ ಹೋಗುತ್ತಿದ್ದಳು. ಸಾಹೇಬರದು ಕನ್ನಡ, ಅಜ್ಜಿಯದು ಕೊಂಕಣಿ, ಅರ್ಜಿಯ ಮೇಲೆ ಅಲ್ಲಲ್ಲಿ ಇಂಗ್ಲಿಷು. ಸಾಹೇಬರು ಗದರಿದ್ದನ್ನು ಮೆತ್ತಗೆ ಮಾಡಿ ಅಜ್ಜಿಗೆ ಹೇಳಬೇಕು. ಅಜ್ಜಿ ಬೈದದ್ದನ್ನು ವಿನಂತಿಯಾಗಿ ತಿರುಗಿಸಿ ಸಾಹೇಬರಿಗೆ ಹೇಳಬೇಕು. ‘ಅಜ್ಜಿ ಏನೆಂದಳು?’ ಎಂದು ಅವರು ಕೇಳಿದರೆ, ‘ತಮಗೆ ಒಳ್ಳೆಯದಾಗಲಿ ಎಂದಳು’ ಎನ್ನುವುದು! ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಅರಣ್ಯ ಇಲಾಖೆಯ ನಾಕೆಯಲ್ಲಿ ಇದೇ ಕೆಲಸ. ಯುರೋಪಿನವರು ನಾಲ್ಕು ದಶಕ ಸುತ್ತಾಡಿ ಬಂದು ಯಾವುದಕ್ಕೆ ಮಾಪಕ ಮಾಡಿದರೋ ಅದನ್ನು ಈ ಮಕ್ಕಳು ಲಂಗ ದಾವಣಿಯ ವಯಸ್ಸಿಗೆ ಮೊದಲೇ ಮಾಡುತ್ತಿದ್ದಾರೆ. ಬಿ1 ಪತ್ರಿಕೆಯಲ್ಲಿ ಇದಕ್ಕೆ ಪ್ರತ್ಯೇಕ ಅಂಕವಿಲ್ಲ, ನಿಜ. ಆದರೆ ತಯಾರಿ ಎಲ್ಲಿಂದ ಆರಂಭವಾಗಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನೆಲೆ ಇನ್ನಾವುದು? ನನ್ನ ವರ್ಗದಲ್ಲಿ ಈಗ ಅರ್ಧ ಹೊತ್ತು ಇದೇ ನಡೆಯುತ್ತದೆ. ಇಂಗ್ಲಿಷಿನಲ್ಲಿ ಒಂದು ಪ್ರಕಟಣೆಯನ್ನು ಕೇಳಿಸುತ್ತೇನೆ; ಕೇಳಿದವರು ಅದನ್ನು ತಮ್ಮ ಅಜ್ಜಿಗೆ ಹೇಳುವಂತೆ ಮನೆಮಾತಿನಲ್ಲಿ ಹೇಳಬೇಕು, ಆಮೇಲೆ ನನಗೆ ಕನ್ನಡದಲ್ಲಿ. ಕೇಳಿದ್ದು ತಿಳಿಯಿತೋ ಇಲ್ಲವೋ ಎಂಬುದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ನಮ್ಮ ಸರಕಾರಗಳು ಇಂಗ್ಲಿಷಿನ ವಿಷಯದಲ್ಲಿ ಯೋಚಿಸಿದ್ದೆಲ್ಲ ‘ಯಾವಾಗ’ ಎಂಬ ಒಂದೇ ಪ್ರಶ್ನೆಯನ್ನು. ಈ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು; ಸ್ವಾತಂತ್ರ್ಯದ ತರುವಾಯ ಅಲ್ಲಿ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ಮುಂದೂಡಿದರು. ಇಂಗ್ಲಿಷು ಮನೆಮಾತಲ್ಲದ ಭಾರತೀಯರ ಮಕ್ಕಳನ್ನು ಇಂಗ್ಲಿಷು ಮಾಧ್ಯಮದ ಶಾಲೆಗಳಲ್ಲಿ ಸೇರಿಸಿಕೊಳ್ಳಬಾರದೆಂದು ಆ ಸರಕಾರ ಹೊರಡಿಸಿದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತಳ್ಳಿಹಾಕಿತು. ಕರ್ನಾಟಕದಲ್ಲಿ ಬಹುಕಾಲ ಐದನೆಯ ತರಗತಿಯಿಂದ ಇದ್ದದ್ದು 2007-08ರಿಂದ ಒಂದನೆಯ ತರಗತಿಗೆ ಇಳಿಯಿತು. 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮವನ್ನೇ ತೆರೆದರು. ಬೇಗ ಕಲಿಸಬೇಕೆ, ತಡವಾಗಿ ಕಲಿಸಬೇಕೆ ಎಂಬ ಈ ಜಗ್ಗಾಟದಲ್ಲಿ ‘ಯಾವುದರ ಮೇಲೆ ನಿಲ್ಲಿಸಿ ಕಲಿಸಬೇಕು’ ಎಂದು ಕೇಳಿದವರು ವಿರಳ. ಜೋಯಿಡಾದ ಮಗುವಿಗೆ ಕೊಂಕಣಿಯ ಆಸರೆಯಿಂದ ಕನ್ನಡವನ್ನು ಗಟ್ಟಿಯಾಗಿ ಕಲಿಸಿದ್ದರೆ, ಅದರ ಮೇಲೆ ಇಂಗ್ಲಿಷು ಐದಕ್ಕೆ ಬಂದರೂ ನಿಲ್ಲುತ್ತಿತ್ತು, ಒಂದಕ್ಕೆ ಬಂದರೂ ನಿಲ್ಲುತ್ತಿತ್ತು ಎಂದು ನನ್ನ ಅಭಿಪ್ರಾಯ. ಒಪ್ಪದವರು ಇದ್ದಾರೆ, ಅವರಲ್ಲಿ ನನ್ನ ಹಳೆಯ ಸಹೋದ್ಯೋಗಿಗಳೂ ಉಂಟು. ಅವರೊಡನೆ ಭಿಕ್ಷುವಿನ ಪದ್ಧತಿಯಲ್ಲಿ ವಾದಿಸುವ ಶಕ್ತಿ ನನಗೀಗ ಉಳಿದಿಲ್ಲ.

ಕಳೆದ ಸಲ ನನ್ನ ಪಡಸಾಲೆಯಿಂದ ನಾಲ್ವರು ಪರೀಕ್ಷೆಗೆ ಕುಳಿತರು. ದಾಂಡೇಲಿಯ ಹುಡುಗನಿಗೆ 156 ಬಂತು, ಭಿಕ್ಷುವಿಗೆ 149. ಸಿದ್ದಿ ಹುಡುಗಿಗೆ 141. ‘ಗೊತ್ತಾಯಿತು, ಮಾಸ್ತರ್’ ಎಂದು ಫೋನು ಮಾಡಿ ಹೇಳಿ, ಮುಂದೆ ಏನನ್ನೂ ಹೇಳದೆ ಇಟ್ಟುಬಿಟ್ಟಳು. ಜೋಯಿಡಾದ ಹುಡುಗಿಗೆ ಬಂದದ್ದು 138. ಎರಡು ಕಡಿಮೆ. ಆ ಅಂಕಕ್ಕೆ ಕೆಳಗಿನ ಮಟ್ಟದ, ಎಂದರೆ ಎ2ರ ಪ್ರಮಾಣಪತ್ರವನ್ನು ಕೊಡುತ್ತಾರೆ. ಅವಳಿಗೆ ಕೆಲಸ ಕೊಡಿಸಬೇಕಾದವರಿಗೆ ಅದು ಸಾಲದು. ಬರೆಯುವ ಭಾಗದಲ್ಲಿ ಅವಳು ಎಲ್ಲರಿಗಿಂತ ಮುಂದಿದ್ದಳು. ಸೋತದ್ದು ಕೇಳುವ ಭಾಗದ ಮೂರನೆಯ ತುಂಡಿನಲ್ಲಿ. ಒಬ್ಬರ ಮಾತನ್ನು ಕೇಳುತ್ತ ಬಿಟ್ಟ ಸ್ಥಳಗಳಲ್ಲಿ ಶಬ್ದವನ್ನೋ ಸಂಖ್ಯೆಯನ್ನೋ ತುಂಬಬೇಕು. ಥರ್ಟೀನೋ ಥರ್ಟಿಯೋ ಎಂಬಲ್ಲಿ ಅವಳ ಕಿವಿ ಇನ್ನೂ ಜಾರುತ್ತದೆ. ಕೊಂಕಣಿಯಲ್ಲಾಗಲಿ ಕನ್ನಡದಲ್ಲಾಗಲಿ ಒಂದು ಶಬ್ದದ ಯಾವ ಭಾಗವನ್ನು ಒತ್ತಿ ಹೇಳಿದರೂ ಅರ್ಥ ಕೆಡುವುದಿಲ್ಲ, ಇಂಗ್ಲಿಷಿನಲ್ಲಿ ಕೆಡುತ್ತದೆ. ಇಲ್ಲಿ ಮಾತ್ರ ನಮ್ಮ ಭಾಷೆಗಳಿಂದ ಅವಳಿಗೆ ಸಹಾಯವಿಲ್ಲ. ಕಿವಿಯನ್ನು ದಿನವೂ ತೀಡಬೇಕು, ಬೇರೆ ದಾರಿಯಿಲ್ಲ.

ಮತ್ತೊಮ್ಮೆ ಕುಳಿತುಕೊಳ್ಳುವುದಾಗಿ ಹೇಳಿದ್ದಾಳೆ. ಶುಲ್ಕದ ಅರ್ಧವನ್ನು ಅಜ್ಜಿಯೇ ಕೊಟ್ಟಳಂತೆ, ಜೋಯಿಡಾದ ಗೆಡ್ಡೆಗೆಣಸಿನ ಮೇಳದಲ್ಲಿ ಗೆಣಸು ಮಾರಿ ಬಂದ ಹಣದಲ್ಲಿ. ವಸತಿಗೃಹಕ್ಕೆ ಮಂಗಟ್ಟೆ ಹಕ್ಕಿಗಳನ್ನು ನೋಡಲು ಬರುವ ಪರದೇಶದವರಿಗೆ ಕೋಣೆಯ ಸಂಖ್ಯೆ ಹೇಳುವ ಕೆಲಸವನ್ನು ಈಗ ಕೇಳಿ ಪಡೆದುಕೊಂಡಿದ್ದಾಳೆ. ಹದಿಮೂರನೆಯ ಕೋಣೆಯೂ ಮೂವತ್ತನೆಯದೂ ಅಲ್ಲಿ ಇವೆಯಂತೆ. ಪರೀಕ್ಷೆ ಮುಂದಿನ ತಿಂಗಳು. ಈ ರವಿವಾರ ಆ ಮೂರನೆಯ ತುಂಡನ್ನೇ ಮತ್ತೆ ಹಿಡಿಯಬೇಕಾಗಿದೆ. ದಾಂಡೇಲಿಯ ಮೊದಲ ಬಸ್ಸು ಸಿಕ್ಕರೆ ಒಂದು ಗಂಟೆ ಮುಂಚೆ ಬರುತ್ತೇನೆಂದಿದ್ದಾಳೆ.